ಮೊದಲು ಹೊಲಿ, ಆಮೇಲೆ ಕತ್ತರಿಸು

ಚೌಕವೊಂದನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ತ್ರಿಭುಜಗಳು ಸಿಗುತ್ತವೆ. ಇದು ಪ್ರಾಥಮಿಕ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಬಟ್ಟೆಯ ಎರಡು ಬಣ್ಣದ ತ್ರಿಭುಜಗಳನ್ನು ಜೋಡಿಸಿ ಹೊಲಿದು ಮತ್ತೆ ಚೌಕ ಮಾಡಲು ಹೊರಟರೆ ಕಷ್ಟ ಶುರುವಾಗುತ್ತದೆ. ಅಳತೆ ಕಡಿಮೆ ಬೀಳುತ್ತದೆ, ಅಂಚು ಸೊಟ್ಟಗಾಗುತ್ತದೆ. ಕಾರಣ ಹುಡುಕುತ್ತ ಹೋದರೆ ಒಂದು ಕಡೆ ಪೈಥಾಗೊರಸ್ ಪ್ರಮೇಯ ಸಿಗುತ್ತದೆ, ಇನ್ನೊಂದು ಕಡೆ ನೇಕಾರನ ಮಗ್ಗ.

ಅಮೆರಿಕದ ಮನೆಗಳಲ್ಲಿ ಹೆಂಗಸರು ತಲೆಮಾರುಗಳಿಂದ ಹೊಲಿಯುತ್ತ ಬಂದ ಹೊದಿಕೆಗೆ ಕ್ವಿಲ್ಟ್ ಎಂದು ಹೆಸರು. ಮೇಲೆ ತುಂಡು ಬಟ್ಟೆಗಳನ್ನು ಜೋಡಿಸಿದ ಪದರ, ನಡುವೆ ಹತ್ತಿ, ಕೆಳಗೆ ಅಸ್ತರ. ಮೂರನ್ನೂ ಸೇರಿಸಿ ಹೊಲಿಗೆ. ಅದರ ವಿನ್ಯಾಸಗಳಲ್ಲಿ ಮತ್ತೆ ಮತ್ತೆ ಕಾಣುವ ಘಟಕವೇ ‘ಹಾಫ್ ಸ್ಕ್ವೇರ್ ಟ್ರಯಾಂಗಲ್’, ಅಂದರೆ ಅರೆಚೌಕ ತ್ರಿಭುಜ. ಇಂಥ ನಾಲ್ಕನ್ನು ಒಂದು ರೀತಿ ಜೋಡಿಸಿದರೆ ಜಾತ್ರೆಯ ಗಿರಗಿಟ್ಲೆಯಂಥ ‘ಪಿನ್‌ವೀಲ್’ ಆಗುತ್ತದೆ. ‘ಕರಡಿಯ ಪಾದ’ ಎಂಬ ವಿನ್ಯಾಸದಲ್ಲಿ ಕರಡಿಯ ಉಗುರುಗಳಾಗುವುದೂ ಇವೇ.

ಕಾಲು ಇಂಚಿನ ಕರಾಮತ್ತು

ಕ್ವಿಲ್ಟ್‌ನಲ್ಲಿ ಹೊಲಿಗೆಗೆಂದು ಪ್ರತಿ ಅಂಚಿನಲ್ಲೂ ಕಾಲು ಇಂಚು ಬಿಡುವುದು ವಾಡಿಕೆ. 4 ಇಂಚಿನ ಸಾದಾ ಚೌಕ ಬೇಕಿದ್ದರೆ ನಾಲ್ಕೂವರೆ ಇಂಚು ಕತ್ತರಿಸಿದರೆ ಸಾಕು. ಅರೆಚೌಕ ತ್ರಿಭುಜಕ್ಕೆ ಮಾತ್ರ ಅರ್ಧ ಇಂಚು ಸಾಲದು, 7/8 ಇಂಚು ಸೇರಿಸಬೇಕು ಎಂದು ಕ್ವಿಲ್ಟ್ ಪುಸ್ತಕಗಳು ಹೇಳುತ್ತವೆ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು?

ಚೌಕದ ಬಾಹು 1 ಆದರೆ ಅದರ ಕರ್ಣ 2ರ ವರ್ಗಮೂಲ, ಅಂದರೆ ಸುಮಾರು 1.414. ಓರೆ ಅಂಚಿನಿಂದ ಕಾಲು ಇಂಚು ಒಳಗೆ ಹೊಲಿದರೆ, ಬಾಹುವಿನ ಗುಂಟ ನಷ್ಟವಾಗುವುದು ಕಾಲು ಇಂಚಲ್ಲ, 0.25 × 1.414, ಅಂದರೆ 0.354 ಇಂಚು. ಅಕ್ಕಪಕ್ಕದ ತುಂಡುಗಳ ಜೊತೆ ಸೇರಿಸುವಾಗ ಇನ್ನೂ ಅರ್ಧ ಇಂಚು ಹೋಗುತ್ತದೆ. ಒಟ್ಟು 0.854 ಇಂಚು. ಇಂಚು ಟೇಪಿನಲ್ಲಿ ಇದಕ್ಕೆ ಹತ್ತಿರದ ಗುರುತು 7/8, ಅಂದರೆ 0.875. ವ್ಯತ್ಯಾಸ ಸುಮಾರು ಅರ್ಧ ಮಿಲಿಮೀಟರ್ ಮಾತ್ರ.

ಈ ಲೆಕ್ಕ ಮರೆತು ಅರ್ಧ ಇಂಚನ್ನೇ ಸೇರಿಸಿದರೆ 4 ಇಂಚಾಗಬೇಕಾದ ಚೌಕ 3.65 ಇಂಚಿಗೆ ನಿಲ್ಲುತ್ತದೆ. ಒಂದರಲ್ಲಿ ಇದು ಕಣ್ಣಿಗೆ ಬೀಳದಿರಬಹುದು. ಎಂಟು ಚೌಕಗಳ ಸಾಲಿನಲ್ಲಿ ಮಾತ್ರ 32 ಇಂಚಿಗೆ ಹತ್ತಿರ ಹತ್ತಿರ 3 ಇಂಚು ಕಡಿಮೆ! ಅಷ್ಟು ಹೊತ್ತಿಗೆ ಬಟ್ಟೆಯೆಲ್ಲ ಕತ್ತರಿಸಿ ಆಗಿರುತ್ತದೆ. ಚೌಕದ ಕರ್ಣದ ಈ ಲೆಕ್ಕ ನಮ್ಮ ದೇಶಕ್ಕೂ ಹಳೆಯದೇ. ಯಜ್ಞವೇದಿಕೆಗಳನ್ನು ಅಳೆಯಲು ಬರೆದ ಬೌಧಾಯನ ಶುಲ್ಬಸೂತ್ರದಲ್ಲಿ 2ರ ವರ್ಗಮೂಲಕ್ಕೆ ಐದು ದಶಮಾಂಶ ಸ್ಥಾನಗಳವರೆಗೆ ಸರಿಯಾದ ಬೆಲೆಯಿದೆ.

ಹಾಸು, ಹೊಕ್ಕು ಮತ್ತು ಓರೆ

ಎರಡನೆಯ ತೊಡಕು ಬಟ್ಟೆಯ ಸ್ವಭಾವದ್ದು. ಹಾಸಿನ ಎಳೆಗಳ ಗುಂಟ ಬಟ್ಟೆಯನ್ನು ಎಳೆದರೆ ಅದು ಹೆಚ್ಚು ಹಿಗ್ಗುವುದಿಲ್ಲ. ಹೊಕ್ಕಿನ ಗುಂಟ ಎಳೆದರೂ ಅಷ್ಟೆ. ಓರೆಯಾಗಿ ಎಳೆದರೆ ಎಳೆಗಳು ಒಂದರ ಮೇಲೊಂದು ವಾಲಿ, ಬಟ್ಟೆ ರಬ್ಬರಿನಂತೆ ಜಗ್ಗುತ್ತದೆ. ದರ್ಜಿಗಳು ಇದನ್ನೇ ಕ್ರಾಸ್ ಎನ್ನುತ್ತಾರೆ. ತ್ರಿಭುಜದ ಉದ್ದನೆಯ ಬದಿ ಪೂರ್ತಿ ಕ್ರಾಸ್. ಮೊದಲೇ ಕತ್ತರಿಸಿಟ್ಟುಕೊಂಡರೆ ಕೈಯಲ್ಲಿ ಹಿಡಿಯುವಾಗಲೇ ಅದು ಹಿಗ್ಗಿ, ಹೊಲಿದ ಮೇಲೆ ಅಲೆಯಲೆಯಾಗುತ್ತದೆ.

ಇದಕ್ಕೆ ಕ್ವಿಲ್ಟ್ ಹೊಲಿಯುವವರು ಕಂಡುಕೊಂಡ ಉಪಾಯ ಸರಳ: ಕ್ರಮವನ್ನೇ ತಿರುವುಮುರುವು ಮಾಡುವುದು. ಎರಡು ಬಣ್ಣದ, ಒಂದೇ ಅಳತೆಯ ಚೌಕಗಳನ್ನು ಒಳ್ಳೆಯ ಮುಖಗಳು ಎದುರುಬದುರಾಗುವಂತೆ ಇಡಬೇಕು. ತಿಳಿ ಬಣ್ಣದ ಚೌಕದ ಹಿಂಬದಿಯಲ್ಲಿ ಮೂಲೆಯಿಂದ ಮೂಲೆಗೆ ಪೆನ್ಸಿಲ್ ಗೆರೆ ಎಳೆಯಬೇಕು. ಗೆರೆಯ ಎರಡೂ ಬದಿಗೆ ಕಾಲು ಇಂಚು ದೂರದಲ್ಲಿ ಹೊಲಿಗೆ ಹಾಕಿ, ಆಮೇಲೆ ಗೆರೆಯ ಮೇಲೆ ಕತ್ತರಿಸಬೇಕು. ಬಿಡಿಸಿದರೆ ಎರಡು ಬಣ್ಣದ ಎರಡು ಚೌಕಗಳು ಸಿದ್ಧ. ಓರೆ ಅಂಚು ಹೊರಬರುವ ಹೊತ್ತಿಗೆ ಹೊಲಿಗೆ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಇಸ್ತ್ರಿಯನ್ನು ಎಳೆದಾಡದೆ ಮೇಲಿನಿಂದ ಒತ್ತಿ ತೆಗೆಯಬೇಕು. ಮೂಲೆಗಳಲ್ಲಿ ಹೊರಚಾಚುವ ಪುಟ್ಟ ತುದಿಗಳನ್ನು ಕತ್ತರಿಸಿಬಿಡಬೇಕು. ಅಮೆರಿಕದವರು ಅವನ್ನು ‘ನಾಯಿಕಿವಿ’ ಎಂದು ಕರೆಯುತ್ತಾರೆ.

ಒಂದೇ ಬಗೆಯವು ಹೆಚ್ಚು ಬೇಕಿದ್ದರೆ ದೊಡ್ಡ ಚೌಕಗಳನ್ನು ತೆಗೆದುಕೊಂಡು ಎರಡೂ ಕರ್ಣಗಳ ಇಕ್ಕೆಲಗಳಲ್ಲಿ ಹೊಲಿದು, ಕರ್ಣಗಳ ಮೇಲೆ ಹಾಗೂ ನಡುವೆ ಅಡ್ಡ-ಉದ್ದಕ್ಕೆ ಕತ್ತರಿಸಿದರೆ ಒಮ್ಮೆಗೇ ಎಂಟು ಸಿಗುತ್ತವೆ. 4 ಇಂಚಿನವು ಬೇಕಾದರೆ ದೊಡ್ಡ ಚೌಕದ ಅಳತೆ 4 7/8ರ ಎರಡರಷ್ಟು, ಅಂದರೆ ಒಂಬತ್ತು ಮುಕ್ಕಾಲು ಇಂಚು. ಸುತ್ತಲೂ ಹೊಲಿದು ಎರಡು ಕರ್ಣಗಳ ಮೇಲೆ ಕತ್ತರಿಸಿ ನಾಲ್ಕು ಪಡೆಯುವ ವಿಧಾನವೂ ಇದೆ. ಅದು ಬೇಗ ಮುಗಿಯುತ್ತದೆ, ನಿಜ. ಆದರೆ ಅಲ್ಲಿ ಹೊರ ಅಂಚುಗಳೆಲ್ಲ ಕ್ರಾಸ್ ಆಗಿ ಉಳಿಯುತ್ತವೆ. ಒಂದು ಕಡೆ ಉಳಿಸಿದ ಸಮಯ ಇನ್ನೊಂದು ಕಡೆ ಸೊಟ್ಟವಾಗಿ ಹೊರಬರುತ್ತದೆ.

ಉಪಕರಣಗಳೆಷ್ಟು ಬೇಕು?

ಹಿಂದೆ ರಟ್ಟಿನ ಇಲ್ಲವೆ ತಗಡಿನ ಅಚ್ಚು, ಪೆನ್ಸಿಲ್, ಕತ್ತರಿ ಇಷ್ಟೇ ಸಾಧನ. 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ಉರುಳುವ ದುಂಡು ಅಲಗಿನ ರೋಟರಿ ಕಟರ್ ತಂದಿತು. ಅದರ ಜೊತೆ ಅಡಿಯಲ್ಲಿ ಹಾಸುವ ಚಾಪೆ ಮತ್ತು 45 ಡಿಗ್ರಿ ಗೆರೆಯಿರುವ ಪಾರದರ್ಶಕ ಅಳತೆಪಟ್ಟಿ ಸೇರಿ ಕ್ವಿಲ್ಟ್ ಕೆಲಸದ ವೇಗವೇ ಬದಲಾಯಿತು. ಈಗ ಹಲವರು 7/8ರ ಬದಲು ಪೂರ್ತಿ ಒಂದು ಇಂಚು ಸೇರಿಸಿ, ಹೊಲಿದ ಮೇಲೆ ಇಂಥ ಪಟ್ಟಿಯಿಟ್ಟು ಸರಿಯಾದ ಅಳತೆಗೆ ಅಂಚು ಕತ್ತರಿಸುತ್ತಾರೆ. ಗೆರೆಗಳನ್ನು ಮೊದಲೇ ಮುದ್ರಿಸಿದ ಕಾಗದವನ್ನು ಬಟ್ಟೆಯ ಮೇಲಿಟ್ಟು ಹೊಲಿದು ಹರಿದು ತೆಗೆಯುವುದೂ ಉಂಟು. ಕಟರಿನ ಅಲಗು ಬಲು ಹರಿತ. ಚಿಕ್ಕ ಮಕ್ಕಳ ಕೈಗೆ ಅದು ಸಲ್ಲದು.

ಲೆಕ್ಕವೇ ಬೇಡದ ದಾರಿಯೂ ಒಂದಿದೆ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಗಳಿಂದ ಹೊಲಿಯುವ ಕವಂದಿಯ ಮೂಲೆಗಳಲ್ಲಿ ‘ಫುಲ’ ಎಂಬ ತ್ರಿಕೋನಗಳಿರುತ್ತವೆ. ಅವರು ತುಂಡುಗಳನ್ನು ಮಡಿಚಿಯೇ ತ್ರಿಕೋನ ಮಾಡಿ ಪದರ ಪದರವಾಗಿ ಇಟ್ಟು ಹೊಲಿಯುತ್ತಾರೆ. ಮಡಿಕೆಯ ಅಂಚಿನಲ್ಲಿ ಎಳೆ ಬಿಚ್ಚುವ ಭಯವಿಲ್ಲ.

ಮನೆಯಲ್ಲಿ ಇದನ್ನು ಪರೀಕ್ಷಿಸಲು ಹೊಲಿಗೆ ಯಂತ್ರವೂ ಬೇಡ. ಗ್ರಾಫ್ ಕಾಗದದಲ್ಲಿ 10 ಸೆಂಟಿಮೀಟರಿನ ಚೌಕವೊಂದನ್ನು ಕರ್ಣದ ಮೇಲೆ ಕತ್ತರಿಸಿ, ಎರಡು ತ್ರಿಭುಜಗಳ ಓರೆ ಅಂಚನ್ನೂ 1 ಸೆಂಟಿಮೀಟರ್ ಮಡಿಚಿ, ಮಡಿಚಿದ ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸಿ ಬಿಡಿಸಿ ಇಡಬೇಕು. ಸಿಗುವ ಚೌಕದ ಬಾಹು ಎಷ್ಟಿರಬಹುದೆಂದು ಮಗು ಮೊದಲು ಊಹಿಸಲಿ. 9 ಎಂದು ಹೇಳಿದರೆ ತಂದೆ-ತಾಯಿ ತಿದ್ದುವ ಅಗತ್ಯವಿಲ್ಲ. ಸ್ಕೇಲು 8.6 ಎಂದು ತೋರಿಸುತ್ತದೆ. ಹತ್ತರಲ್ಲಿ ಕಳೆದುಹೋದ ಆ 1.4 ಎಲ್ಲಿಂದ ಬಂತೆಂದು ಮಗು ಕೇಳಿದ ದಿನ, ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಪ್ರಮೇಯ ಅದರ ಸ್ವಂತದ್ದಾಗುತ್ತದೆ.