ಯುದ್ಧದ ಪಾಠ ಎಲ್ಲಿಂದ ಮೊದಲಾಗಬೇಕು?

ಕಾಲುವಾರ್ಷಿಕ ಪರೀಕ್ಷೆಗೆ ಇನ್ನು ಹತ್ತು ದಿನಗಳಿದ್ದಾಗ ನಾವು ಮೇಲ್ತರಗತಿಯೊಂದರ ಬಾಗಿಲ ಮುಂದೆ ಹಾದುಹೋಗುತ್ತಿದ್ದೆವು. ಒಳಗಿನಿಂದ ಒಕ್ಕೊರಲಿನ ಪಠನ ಕೇಳಿಬರುತ್ತಿತ್ತು. ಮಾರ್ನ್ 1914, ವರ್ದನ್ 1916, ಸೊಮ್ 1916, ಸ್ಟಾಲಿನ್‌ಗ್ರಾಡ್ 1942. ಮಗ್ಗಿ ಹೇಳುವ ರಾಗವೇ ಅದು. ಒಂದು ಹೆಸರೂ ತಪ್ಪಲಿಲ್ಲ, ಒಂದು ಇಸವಿಯೂ ಜಾರಲಿಲ್ಲ. ಒಳಗೆ ಹೋಗಿ ಒಂದು ಪ್ರಶ್ನೆ ಕೇಳಿದೆವು: “ಈ ಮಹಾಯುದ್ಧಗಳಲ್ಲಿ ನಮ್ಮ ಊರಿಗೆ ಏನಾದರೂ ಆಯಿತೆ?”

ತರಗತಿ ನಿಶ್ಶಬ್ದವಾಯಿತು. ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಅನುಮಾನಿಸುತ್ತ ಎದ್ದು ನಿಂತ. “ಸಾರ್, ನಮ್ಮಜ್ಜಿ ನಮ್ಮ ಮಾವನನ್ನ ‘ಎಮ್ಡನ್’ ಅಂತ ಬೈತಾರೆ. ಅದು ಯಾವುದೋ ಹಡಗಿನ ಹೆಸರಂತೆ.” ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಆ ಕೋಣೆಯಲ್ಲಿದ್ದ ನಲವತ್ತು ಮಂದಿಯಲ್ಲಿ ಯುದ್ಧದ ಚರಿತ್ರೆಯನ್ನು ನಿಜವಾಗಿ ಬಲ್ಲವನು ಅವನೊಬ್ಬನೇ ಎಂಬುದು ಹೊರಗೆ ಬಂದ ಮೇಲೆ ನಮಗೆ ಹೊಳೆಯಿತು.

ಮಹಾಯುದ್ಧಗಳ ಪ್ರಮುಖ ಕದನಗಳನ್ನು ಮಕ್ಕಳಿಗೆ ಕಲಿಸಬಾರದೆಂದು ವಾದಿಸುವವರ ಪಂಗಡಕ್ಕೆ ನಾವು ಸೇರಿದವರಲ್ಲ. ಕಲಿಸಲೇಬೇಕು. ಆದರೆ ಹತ್ತು ಕದನಗಳ ಹೆಸರನ್ನು ಉರು ಹಾಕಿಸುವ ಬದಲು ಎರಡು ಮೂರನ್ನು ಚೆನ್ನಾಗಿ ತಿಳಿಸಬೇಕು. ಮೊದಲನೆಯದು ನಮ್ಮ ಮನೆಯ ಬಾಗಿಲಿನಿಂದಲೇ ಹೊರಡಬೇಕು. ಚೆನ್ನೈಯಲ್ಲಿ ಓದುವ ಕನ್ನಡ ಮಕ್ಕಳಿಗೆ ಇದು ಸುಲಭಸಾಧ್ಯ. ಅವರು ವಾಸಿಸುವ ನಗರಕ್ಕೂ ಯುದ್ಧ ಬಂದಿತ್ತು. ಅವರ ಹಿರಿಯರ ನಾಡಿನಿಂದಲೂ ಯುದ್ಧಕ್ಕೆ ಜನ ಹೋಗಿದ್ದರು.

ಅಜ್ಜಿಯ ಬೈಗುಳಿನಿಂದಲೇ ಪ್ರಾರಂಭಿಸೋಣ. 1914ರ ಸೆಪ್ಟೆಂಬರ್ 22ರ ರಾತ್ರಿ, ಒಂಬತ್ತೂವರೆ ಗಂಟೆಯ ಸುಮಾರಿಗೆ, ಕಾರ್ಲ್ ಫಾನ್ ಮ್ಯುಲ್ಲರ್ ಎಂಬ ಕಪ್ತಾನನ ಎಮ್ಡೆನ್ ಎಂಬ ಜರ್ಮನ್ ಯುದ್ಧನೌಕೆ ಮದರಾಸಿನ ರೇವಿನೆದುರು ಬಂದು ನಿಂತಿತು. ಯುದ್ಧ ಮೊದಲಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಯೂರೋಪಿನಲ್ಲಿ ಎಲ್ಲೋ ನಡೆಯುತ್ತಿರುವ ಕದನ ಈ ತೀರಕ್ಕೆ ಬಂದೀತೆಂದು ಊರಿನವರು ಎಣಿಸಿರಲಿಲ್ಲ. ನೌಕೆಯು ತನ್ನ ಶೋಧಕ ದೀಪವನ್ನು ದಡದ ಕಡೆಗೆ ತಿರುಗಿಸಿತು. ಬೆಳಕು ಬಿದ್ದದ್ದು ಬರ್ಮಾ ಆಯಿಲ್ ಕಂಪನಿಯ ಎಣ್ಣೆಯ ತೊಟ್ಟಿಗಳ ಮೇಲೆ. ಅರ್ಧ ಗಂಟೆಯೊಳಗೆ ನೂರಿಪ್ಪತ್ತಕ್ಕೂ ಹೆಚ್ಚು ಗುಂಡುಗಳು ಹಾರಿದವು. ತೊಟ್ಟಿಗಳು ಹೊತ್ತಿ ಉರಿದವು. ರೇವಿನಲ್ಲಿದ್ದ ವರ್ತಕ ಹಡಗೊಂದಕ್ಕೆ ಏಟು ಬಿತ್ತು. ಕೆಲವರು ಪ್ರಾಣ ಕಳೆದುಕೊಂಡರು. ದಡದ ಫಿರಂಗಿಗಳು ಉತ್ತರ ಕೊಡುವಷ್ಟರಲ್ಲಿ ನೌಕೆ ದೀಪವಾರಿಸಿ ಕತ್ತಲಿನಲ್ಲಿ ಕರಗಿಹೋಯಿತು.

ದೊಡ್ಡ ಕದನಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿಲ್ಲ, ಇರಬೇಕಾಗಿಯೂ ಇಲ್ಲ. ಆದರೂ ಇದರಿಂದ ಕಲಿಯತಕ್ಕದ್ದು ಬಹಳವಿದೆ. ಶತ್ರುವಿಗೆ ಬೇಕಾಗಿದ್ದದ್ದು ನಗರವಲ್ಲ. ಒಂದು, ಎಣ್ಣೆಯ ನಾಶ. ಇನ್ನೊಂದು, ಜನರ ಭಯ. ಎರಡೂ ಅವನಿಗೆ ದೊರೆತವು. ಮರುದಿನದಿಂದ ಸಾವಿರಾರು ಮಂದಿ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಬಂಗಾಳ ಕೊಲ್ಲಿಯಲ್ಲಿ ಹಡಗು ಬಿಡುವುದಕ್ಕೆ ವರ್ತಕರು ಹೆದರಿದರು. ಅದೇ ನವೆಂಬರ್ 9ರಂದು ಕೊಕೋಸ್ ದ್ವೀಪಗಳ ಬಳಿ ಆಸ್ಟ್ರೇಲಿಯದ ‘ಸಿಡ್ನಿ’ ಎಂಬ ನೌಕೆ ಎಮ್ಡೆನ್ನನ್ನು ಹಾಳುಗೆಡವಿತು. ಹಡಗು ಹೋಯಿತು, ಹೆಸರು ಉಳಿಯಿತು. ಎಲ್ಲಿಂದಲೋ ಸದ್ದಿಲ್ಲದೆ ಬಂದು ಕೆಲಸ ಮುಗಿಸಿಕೊಂಡು ಹೋಗುವ ಚತುರನಿಗೆ ತಮಿಳರು ‘ಎಮ್ಡನ್’ ಎಂದರು. ಆ ಮಾತು ನೆರೆಮನೆಯಿಂದ ನಮ್ಮ ಕನ್ನಡ ಅಡಿಗೆಮನೆಗಳಿಗೂ ಬಂದು ಸೇರಿತು. ಹೈಕೋರ್ಟಿನ ಆವರಣದ ಗೋಡೆಯಲ್ಲಿ, ಗುಂಡು ಬಿದ್ದುದರ ನೆನಪಿಗಾಗಿ ಇರಿಸಿದ ಫಲಕವೊಂದಿದೆ. ಅದರ ಪಕ್ಕದಲ್ಲಿ ದಿನವೂ ಬಸ್ಸಿಗಾಗಿ ಓಡುವ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಅದನ್ನು ಓದಿದ್ದಾರೋ ಕಾಣೆವು.

ಎರಡನೆಯ ಮಹಾಯುದ್ಧದಲ್ಲಿ ಈ ನಗರ ಕಂಡ ಕಷ್ಟ ಇನ್ನೊಂದು ಬಗೆಯದು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿಗೆ ಶರಣಾಯಿತು. ಮಾರ್ಚಿಯಲ್ಲಿ ರಂಗೂನು ಬಿದ್ದಿತು. ಏಪ್ರಿಲಿನ ಮೊದಲ ವಾರದಲ್ಲಿ ಕೊಲಂಬೊ, ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬಿದ್ದವು. ಮುಂದಿನ ಸರದಿ ಮದರಾಸಿನದೆಂದು ಎಲ್ಲರೂ ನಂಬಿದರು. ಅಗತ್ಯವಾದ ಕೆಲಸವಿಲ್ಲದವರು ಊರು ಬಿಡುವುದು ಒಳ್ಳೆಯದೆಂದು ಸರ್ಕಾರವೇ ಸಾರಿತು. ಕಚೇರಿಗಳು ಒಳನಾಡಿನ ಊರುಗಳಿಗೆ ವರ್ಗವಾದವು. ರೈಲುಗಳಲ್ಲಿ ಕಾಲಿಡಲು ಸ್ಥಳವಿಲ್ಲ. ಬೀದಿಗಳಲ್ಲಿ ಬೀಗ ಹಾಕಿದ ಮನೆಗಳ ಸಾಲು. ಆಗ ಮೃಗಾಲಯವು ಸೆಂಟ್ರಲ್ ನಿಲ್ದಾಣದ ಸಮೀಪ ಪೀಪಲ್ಸ್ ಪಾರ್ಕಿನಲ್ಲಿತ್ತು. ಬಾಂಬು ಬಿದ್ದು ಬೋನು ಮುರಿದರೆ ಹುಲಿ ಸಿಂಹಗಳು ಬೀದಿಗೆ ಬರಬಹುದೆಂಬ ಭಯದಿಂದ ಕ್ರೂರಮೃಗಗಳನ್ನೆಲ್ಲ ಗುಂಡಿಕ್ಕಿ ಕೊಂದರು. ಶತ್ರುವಿನ ಸೈನ್ಯ ಬರಲೇ ಇಲ್ಲ. ಮರುವರ್ಷ, 1943ರ ಅಕ್ಟೋಬರಿನಲ್ಲಿ, ಜಪಾನಿನ ಒಂದು ವಿಮಾನ ಬಂದು ಕೆಲವು ಬಾಂಬುಗಳನ್ನು ಎಸೆದು ಹೋಯಿತು, ಅಷ್ಟೇ. ಸಿಂಗಪುರದ ಕದನ ಎಂದರೇನೆಂದು ಮಕ್ಕಳಿಗೆ ತಿಳಿಯಬೇಕಾದರೆ ಸೇನಾಧಿಪತಿಗಳ ಹೆಸರಿಗಿಂತ ಆ ಬೋನಿನೊಳಗಿನ ಸಿಂಹ ಹೆಚ್ಚು ಸಹಾಯಕ್ಕೆ ಬರುತ್ತದೆ. ಸಾವಿರಾರು ಮೈಲಿ ದೂರದ ಒಂದು ಸೋಲು ಹೇಗೆ ನಡೆದುಬಂದು ನಮ್ಮ ಬೀದಿಯ ಪ್ರಾಣಿಯನ್ನು ಕೊಲ್ಲುತ್ತದೆ, ಬರ್ಮಾದ ಅಕ್ಕಿ ನಿಂತುಹೋದರೆ ನಮ್ಮ ಮನೆಯ ಒಲೆ ಹೇಗೆ ಆರುತ್ತದೆ ಎಂಬುದನ್ನು ಹದಿಮೂರು ವರ್ಷದ ಬುದ್ಧಿ ಚೆನ್ನಾಗಿಯೇ ಗ್ರಹಿಸಬಲ್ಲದು. ಆ ಬೇಸಗೆಯನ್ನು ಕಂಡು ನೆನಪಿಟ್ಟುಕೊಂಡವರು ಇಂದು ತೊಂಬತ್ತರ ಸಮೀಪದಲ್ಲಿದ್ದಾರೆ. ಅಂಥವರು ಮನೆಯಲ್ಲಿದ್ದರೆ ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ನಾಳೆಯೆಂಬ ಮಾತು ಸಲ್ಲದು.

ಇನ್ನು ನಮ್ಮ ಹಿರಿಯರ ನಾಡಿನಿಂದ ಹೋದವರ ಮಾತು. ಎಮ್ಡೆನ್ ಬಂದುಹೋದ ರಾತ್ರಿಗೆ ಸರಿಯಾಗಿ ನಾಲ್ಕು ವರ್ಷ ಒಂದು ದಿನ ಕಳೆದು, 1918ರ ಸೆಪ್ಟೆಂಬರ್ 23ರಂದು, ಪ್ಯಾಲಸ್ಟೈನಿನ ಹೈಫಾ ಎಂಬ ರೇವುಪಟ್ಟಣದ ಮುಂದೆ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ದಳ ನಿಂತಿತ್ತು. ಜೊತೆಗೆ ಜೋಧಪುರದ ದಳ. ಒಂದು ಕಡೆ ಕಾರ್ಮೆಲ್ ಬೆಟ್ಟ, ಅದರ ಮೇಲೆ ತುರ್ಕರ ಪಕ್ಷದ ಫಿರಂಗಿಗಳು. ಇನ್ನೊಂದು ಕಡೆ ಕಿಷೋನ್ ನದಿ, ಅದರ ದಡದಲ್ಲಿ ಕುದುರೆಯನ್ನು ನುಂಗುವ ಕೆಸರು. ನಡುವೆ ಇಕ್ಕಟ್ಟಾದ ದಾರಿ. ಮೈಸೂರಿನ ಒಂದು ತುಕಡಿ ಬೆಟ್ಟವನ್ನು ಹತ್ತಿ ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸಲು ಹೊರಟಿತು. ಮಧ್ಯಾಹ್ನ ಎರಡು ಗಂಟೆಗೆ ಜೋಧಪುರದವರು ಬಯಲಿನಲ್ಲಿ ಕುದುರೆಗಳನ್ನು ಓಡಿಸಿ ನುಗ್ಗಿದರು. ಅವರ ಹಿಂದೆಯೇ ಮೈಸೂರಿನವರೂ ಪಟ್ಟಣವನ್ನು ಹೊಕ್ಕರು. ಸಂಜೆಯೊಳಗೆ ಪಟ್ಟಣ ಕೈವಶವಾಯಿತು. ಸಾವಿರದ ಮುನ್ನೂರಕ್ಕೂ ಹೆಚ್ಚು ಶತ್ರುಗಳು ಸೆರೆಸಿಕ್ಕಿದರು. ನಮ್ಮ ಕಡೆ ಸತ್ತವರು ಎಂಟು ಮಂದಿ. ಜೋಧಪುರದ ಮೇಜರ್ ದಳಪತ್ ಸಿಂಗರು ಅವರಲ್ಲೊಬ್ಬರು. ಸತ್ತ ಕುದುರೆಗಳು ಅರವತ್ತು. ಈ ಕೊನೆಯ ಸಂಖ್ಯೆಯನ್ನು ಪಠ್ಯಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಮಕ್ಕಳು ಮಾತ್ರ ಮೊದಲು ಕೇಳುವುದು ಅದನ್ನೇ.

ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಸವಾರರು ಮೈಸೂರು, ಜೋಧಪುರ, ಹೈದರಾಬಾದು ದಳಗಳ ಪ್ರತಿನಿಧಿಗಳು. ಬೆಂಗಳೂರಿನ ಜೆ.ಸಿ. ನಗರದ ಬಳಿಯಲ್ಲಿಯೂ ಮೈಸೂರು ಲ್ಯಾನ್ಸರ್ಸಿನ ಸ್ಮಾರಕವಿದೆ. ಇತ್ತೀಚಿನ ವರ್ಷಗಳಲ್ಲಿ ಹೈಫಾದ ಮಾತು ಅಲ್ಲಲ್ಲಿ ಕೇಳಿಬರುತ್ತಿರುವುದು ಸಂತೋಷವೇ. ಆದರೆ ಹೆಮ್ಮೆಯ ಭರದಲ್ಲಿ ಅದನ್ನು ಜಗತ್ತಿನ ಕಟ್ಟಕಡೆಯ ಅಶ್ವಾಕ್ರಮಣವೆಂದು ಸಾರುವವರಿದ್ದಾರೆ. ಅದು ನಿಜವಲ್ಲ. 1942ರಲ್ಲಿಯೂ ರಷ್ಯದ ಬಯಲಿನಲ್ಲಿ ಇಟಲಿಯ ಸವಾರರು ಕತ್ತಿ ಹಿರಿದು ಕುದುರೆ ಓಡಿಸಿದರು. ಎಂಟು ಮಂದಿಯ ಸಾವು ಅದರಷ್ಟಕ್ಕೇ ದೊಡ್ಡದು. ಅದಕ್ಕೆ ಸುಳ್ಳಿನ ಬಾಸಿಂಗ ಕಟ್ಟಬೇಕಾಗಿಲ್ಲ. ಮಕ್ಕಳಿಗೆ ಒಮ್ಮೆ ಉತ್ಪ್ರೇಕ್ಷೆಯನ್ನು ಕಲಿಸಿದರೆ, ಮುಂದೆ ಅದು ಸುಳ್ಳೆಂದು ತಿಳಿದ ದಿನ ಅವರು ನಿಜವನ್ನೂ ಅದರೊಂದಿಗೆ ಎಸೆದುಬಿಡುತ್ತಾರೆ.

ಹಾಗಾದರೆ ಸೊಮ್, ವರ್ದನ್‌ಗಳನ್ನು ಬಿಟ್ಟುಬಿಡಬೇಕೆ? ಬಿಡಬೇಕಾಗಿಲ್ಲ. ಹೈಫಾದ ಎಂಟನ್ನು ತಿಳಿದವನಿಗೆ ಸೊಮ್‌ನ ಲೆಕ್ಕ ತಿಳಿಯುತ್ತದೆ. 1916ರ ಜುಲೈ 1, ಆ ಕದನದ ಮೊದಲನೆಯ ದಿನ; ಅಂದು ಬ್ರಿಟಿಷ್ ಸೈನ್ಯದಲ್ಲಿ ಸತ್ತವರೇ 19,240 ಮಂದಿ. ಐದುನೂರು ಮಕ್ಕಳಿರುವ ಮೂವತ್ತೆಂಟು ಶಾಲೆಗಳು ಒಂದು ದಿನದಲ್ಲಿ ಬರಿದಾದಂತೆ. ಕಪ್ಪು ಹಲಗೆಯ ಮೇಲೆ ಬರೆದು, ಭಾಗಾಕಾರವನ್ನು ಮಕ್ಕಳ ಕೈಯಲ್ಲಿಯೇ ಮಾಡಿಸಬೇಕು. ಇಸವಿ ಮರೆತರೂ ಆ ಲೆಕ್ಕ ಮರೆಯುವುದಿಲ್ಲ.

ಎಲ್ಲಕ್ಕಿಂತ ಕಷ್ಟವಾದ ಪ್ರಶ್ನೆಯೊಂದುಂಟು. ಅದನ್ನು ಮಕ್ಕಳೇ ಕೇಳುತ್ತಾರೆ. “ಅದು ಬ್ರಿಟಿಷರ ಯುದ್ಧ. ನಮ್ಮವರು ಯಾಕೆ ಹೋದರು?” ಈ ಪ್ರಶ್ನೆಯನ್ನು ಗದರಿಸಿ ಕೂರಿಸುವ ಉಪಾಧ್ಯಾಯನು ಚರಿತ್ರೆಯನ್ನು ಕಲಿಸಲು ಅರ್ಹನಲ್ಲವೆಂದೇ ನಮ್ಮ ಅಭಿಪ್ರಾಯ. ಮೊದಲನೆಯ ಯುದ್ಧದಲ್ಲಿ ಕಾಲಾಳು ಸಿಪಾಯಿಯ ತಿಂಗಳ ಸಂಬಳ ಹನ್ನೊಂದು ರೂಪಾಯಿ. ಹಸಿವಿಗಾಗಿ ಹೋದವರುಂಟು, ಒಡೆಯರ ಉಪ್ಪಿನ ಋಣವೆಂದು ಹೋದವರುಂಟು, ಊರಿನ ಗೌಡ ಹೆಸರು ಬರೆಸಿದ್ದಕ್ಕಾಗಿ ಹೋದವರೂ ಇದ್ದಿರಬೇಕು. ಭಾರತದಿಂದ ಹೊರಟವರು ಹತ್ತು ಲಕ್ಷಕ್ಕೂ ಹೆಚ್ಚು. ಹಿಂದಿರುಗದವರು ಎಪ್ಪತ್ತು ಸಾವಿರಕ್ಕೂ ಹೆಚ್ಚು. 1939ರಲ್ಲಂತೂ ವೈಸರಾಯ್ ಲಿನ್‌ಲಿತ್‌ಗೊ ನಮ್ಮವರ ಯಾರ ಅಭಿಪ್ರಾಯವನ್ನೂ ಕೇಳದೆ ಭಾರತವೂ ಯುದ್ಧದಲ್ಲಿದೆಯೆಂದು ಸಾರಿಬಿಟ್ಟ. ಅದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟ ಕಾಂಗ್ರೆಸ್ ಮಂತ್ರಿಮಂಡಲಗಳಲ್ಲಿ ಇದೇ ಮದರಾಸಿನ ರಾಜಾಜಿಯವರ ಮಂತ್ರಿಮಂಡಲವೂ ಒಂದು.

1944ರಲ್ಲಿ ಇಂಫಾಲ, ಕೊಹಿಮಾಗಳ ಬೆಟ್ಟಗಳಲ್ಲಿ ಜಪಾನಿನ ಸೈನ್ಯವನ್ನು ತಡೆದು ಹಿಮ್ಮೆಟ್ಟಿಸಿದವರಲ್ಲಿ ಭಾರತೀಯರು ಬಹಳ. ಎದುರು ಪಕ್ಷದಲ್ಲಿ ನೇತಾಜಿ ಸುಭಾಷರ ಆಜಾದ್ ಹಿಂದ್ ಫೌಜಿನವರು, ಅವರೂ ಭಾರತೀಯರೇ. ಮಡಿಕೇರಿಯಲ್ಲಿ ಹುಟ್ಟಿ ಮುಂದೆ ಭೂಸೇನೆಯ ಮುಖ್ಯಸ್ಥರಾದ ಜನರಲ್ ತಿಮ್ಮಯ್ಯನವರು 1945ರ ಜನವರಿಯಲ್ಲಿ ಬರ್ಮಾದ ಕಾಂಗಾವ್ ಕದನದಲ್ಲಿ ಜಪಾನೀಯರ ವಿರುದ್ಧ ಒಂದು ಪಟಾಲಮ್ಮಿನ ನಾಯಕತ್ವ ವಹಿಸಿದ್ದರು. ಅವರ ಅಣ್ಣನವರು ಸೇರಿದ್ದು ಸುಭಾಷರ ಸೈನ್ಯವನ್ನು. ಒಂದೇ ಮನೆಯ ಇಬ್ಬರು ಮಕ್ಕಳು! ಇವರಲ್ಲಿ ಯಾರು ಸರಿ ಎಂಬ ಪ್ರಶ್ನೆಗೆ ಮಾರ್ಗದರ್ಶಿ ಪುಸ್ತಕದಲ್ಲಿ ಎರಡು ಅಂಕದ ಉತ್ತರ ಸಿಕ್ಕುವುದಿಲ್ಲ. ಸಿಕ್ಕದಿದ್ದರೆ ಒಳ್ಳೆಯದೇ ಆಯಿತು. ಅಂದು ತರಗತಿಯಲ್ಲಿ ಸ್ವಲ್ಪ ವಾಗ್ವಾದ ನಡೆಯಲಿ.

ಯುದ್ಧದ ಕಥೆ ಹೇಳಿದರೆ ಮಕ್ಕಳಲ್ಲಿ ಯುದ್ಧದ ಹುಚ್ಚು ಬೆಳೆಯುತ್ತದೆಂದು ಪೋಷಕರೊಬ್ಬರು ನಮ್ಮೊಂದಿಗೆ ವಾದಿಸಿದರು. ಅವರ ಮಗ ಪ್ರತಿ ಸಂಜೆ ಕೈಫೋನಿನಲ್ಲಿ ನೂರಾರು ಮಂದಿಯನ್ನು ಸುಟ್ಟು ಕೆಡವುತ್ತಾನೆಂಬುದನ್ನು ನಾವು ಬಲ್ಲೆವು. ಅಲ್ಲಿ ಸತ್ತವರಾರೂ ಮಣ್ಣಿಗೆ ಹೋಗುವುದಿಲ್ಲ, ಯಾರ ತಾಯಿಯೂ ಅಳುವುದಿಲ್ಲ. ಹುಚ್ಚು ಬೆಳೆಯುವುದು ಅಲ್ಲಿಯೇ ಹೊರತು ನಿಜವಾದ ಕದನದ ನಿಜವಾದ ವಿವರದಿಂದಲ್ಲ. ಪಾಠಗಳು ಮುಗಿಯುವುದಿಲ್ಲ, ಸಮಯವೆಲ್ಲಿ ಎಂಬ ಉಪಾಧ್ಯಾಯ ಮಿತ್ರರ ಆಕ್ಷೇಪಣೆ ಮಾತ್ರ ಇದಕ್ಕಿಂತ ತೂಕವುಳ್ಳದ್ದು. ಪರೀಕ್ಷೆಯಲ್ಲಿ ಕೇಳುವುದು ಇಸವಿಯನ್ನೇ. ಉರು ಹಾಕಿಸದೆ ಅವರು ಮಾಡುವುದಾದರೂ ಏನು? ನಾವು ಬೇಡುವುದು ವರ್ಷಕ್ಕೆ ಎರಡು ಮಧ್ಯಾಹ್ನಗಳನ್ನು.

ಒಂದನ್ನು ನಂದಂಬಾಕ್ಕಂನಲ್ಲಿ ಕಳೆಯಬೇಕು. ಪೂನಮಲ್ಲಿಯ ಕಡೆಗೆ ಹೋಗುವ ಮೌಂಟ್ ರಸ್ತೆಯಲ್ಲಿ 1952ರಲ್ಲಿ ಏರ್ಪಡಿಸಿದ ಯುದ್ಧಸ್ಮಶಾನವಿದೆ. ಎರಡನೆಯ ಮಹಾಯುದ್ಧದಲ್ಲಿ ಸತ್ತ ಎಂಟುನೂರೈವತ್ತಕ್ಕೂ ಹೆಚ್ಚು ಮಂದಿಯ ಸಮಾಧಿಗಳು ಹಸುರು ಹುಲ್ಲಿನ ನಡುವೆ ಒಂದೇ ಅಳತೆಯ ಕಲ್ಲುಗಳಾಗಿ ಸಾಲುಗಟ್ಟಿವೆ. ಕಲ್ಲಿನ ಮೇಲೆ ಹೆಸರು, ದಳ, ದಿನ. ಹಲವದರಲ್ಲಿ ವಯಸ್ಸೂ ಇದೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ಹತ್ತು ಕಲ್ಲುಗಳ ವಯಸ್ಸನ್ನು ಬರೆದುಕೊಂಡು ಬರಲಿ. ತನ್ನ ಅಣ್ಣನ ವಯಸ್ಸಿನವರೆಷ್ಟು ಮಂದಿ ಎಂದು ಎಣಿಸಲಿ. ಭಾರತೀಯರ ಹೆಸರು ಅಲ್ಲಿ ಏಕೆ ಕಡಿಮೆ ಎಂದು ಯಾರಾದರೂ ಕೇಳಿದರೆ, ನಮ್ಮ ಸೈನಿಕರಲ್ಲಿ ಬಹಳ ಮಂದಿಯ ದೇಹವನ್ನು ದಹನ ಮಾಡಿದ್ದರಿಂದ ಅವರಿಗೆ ಸಮಾಧಿಯ ಕಲ್ಲಿಲ್ಲವೆಂದೂ, ಮೊದಲನೆಯ ಯುದ್ಧದವರ ಹೆಸರುಗಳನ್ನು ಫ್ರಾನ್ಸಿನ ನವ್ ಶಾಪೆಲ್‌ನಲ್ಲಿಯೋ ದೆಹಲಿಯ ಇಂಡಿಯಾ ಗೇಟಿನಲ್ಲಿಯೋ ಹುಡುಕಬೇಕೆಂದೂ ಹೇಳಬೇಕಾಗುತ್ತದೆ.

ಇನ್ನೊಂದು ಮಧ್ಯಾಹ್ನ ಹೈಕೋರ್ಟಿನ ಗೋಡೆಗೆ. ಬರುವ ಸೆಪ್ಟೆಂಬರ್ 22ರಂದು, ಶಾಲೆ ಬಿಟ್ಟ ಮೇಲೆ, ನಾವು ಅಲ್ಲಿಗೆ ಹೋಗುವವರಿದ್ದೇವೆ. ಬರಲಿಚ್ಛಿಸುವ ವಿದ್ಯಾರ್ಥಿಗಳು ತಂದೆತಾಯಿಗಳ ಒಪ್ಪಿಗೆಯ ಚೀಟಿಯನ್ನೂ ಕುಡಿಯುವ ನೀರನ್ನೂ ತರತಕ್ಕದ್ದು. ಹಿಂದಿನ ಬೆಂಚಿನ ಆ ಹುಡುಗನಿಗೆ ಈಗಾಗಲೇ ಹೇಳಿದ್ದೇವೆ. ಫಲಕವನ್ನು ಗಟ್ಟಿಯಾಗಿ ಓದುವವನು ಅವನೇ. ಅಜ್ಜಿಯನ್ನೂ ಕರೆತರಬಹುದೇ ಎಂದು ಕೇಳಿದ್ದಾನೆ.