ಮುಚ್ಚಿದ ಮೇಲೆ ಸ್ಟೇಟಸ್ ಹಾಕಿ ಏನು ಪ್ರಯೋಜನ?

ಸಂಜಯನಗರದಲ್ಲಿ ನಾವು ದಿನಾ ಕಾಫಿ ಕುಡಿಯೋ ಅಂಗಡಿಯ ಶಟರ್ ಪಕ್ಕ ಹೋದ ತಿಂಗಳು ಒಂದು ಬೋರ್ಡು ಬಂತು: ‘ಟು-ಲೆಟ್’. ಅಂಗಡಿ ಇನ್ನೂ ನಡೀತಿದೆ. ಒಳಗೆ ಡಿಕಾಕ್ಷನ್ ಇಳೀತಿದೆ, ಡಬ್ಬಿಗಳಲ್ಲಿ ನಿಪ್ಪಟ್ಟು, ಕೋಡುಬಳೆ ತುಂಬಿದೆ, ಹೊರಗೆ ಬೋರ್ಡು ನೇತಾಡ್ತಿದೆ. ಅದನ್ನ ಹಾಕಿದ್ದು ಅಂಗಡಿ ನಡೆಸೋ ಅಣ್ಣ-ಅಕ್ಕ ಅಲ್ಲ, ಕಟ್ಟಡದ ಓನರ್. 18,000 ಇದ್ದ ಬಾಡಿಗೆ 27,000 ಆಗಬೇಕಂತೆ. ಆಗಲ್ಲ ಅಂದ್ರೆ ಜಾಗ ಬಿಡಬೇಕಂತೆ.

ಬೋರ್ಡು ಕಂಡ ದಿನವೇ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅಳುವ ಇಮೋಜಿಗಳ ಮಳೆ. ‘ಮಗಾ, ನಮ್ಮ ಅಡ್ಡಾ ಹೋಯ್ತು’ ಅಂತ ಒಬ್ಬ ಬರೆದ. ಇನ್ನೊಬ್ಬ ಆಗಲೇ ಫೋಟೋ ತೆಗೆದು ಸ್ಟೇಟಸ್ ಹಾಕಿದ್ದ. ಅಂಗಡಿ ಇನ್ನೂ ಇದೆ, ನಾವಾಗಲೇ ಅದರ ತಿಥಿ ಮಾಡಿ ಮುಗಿಸಿದ್ದೆವು. ಅದಕ್ಕೇ ಈ ಬರಹ. ಬಾಡಿಗೆಗೆ ಅಂಗಡಿ ನಡೆಸೋರಿಗೆ ನಮ್ಮ ಅನುಕಂಪ ಬೇಕಾಗಿಲ್ಲ. ಅವರಿಗೆ ಬೇಕಾಗಿರೋದು ಅವರಿಗೇ ಅರ್ಥವಾಗುವ ಭಾಷೆಯಲ್ಲಿ ಬರೆದ ಒಂದು ಗಟ್ಟಿ ಕರಾರು.

ಬಾಡಿಗೆ ಜಾಗದಿಂದ ಎದ್ದು ಹೋಗಬೇಕಾಗಿ ಬಂದ ಕಾಫಿ ಅಂಗಡಿಗಳು ಈ ಊರಿಗೆ ಹೊಸದಲ್ಲ. ಎಂ.ಜಿ. ರಸ್ತೆಯಲ್ಲಿ ಸುಮಾರು ಐವತ್ತು ವರ್ಷ ಇದ್ದ ಇಂಡಿಯಾ ಕಾಫಿ ಹೌಸ್, ಕಟ್ಟಡದ ಮಾಲೀಕರ ಜೊತೆಗಿನ ಕಾನೂನು ಹೋರಾಟದಲ್ಲಿ ಸೋತು 2009ರ ಏಪ್ರಿಲ್‌ನಲ್ಲಿ ಮುಚ್ಚಿತು. ನಮ್ಮಲ್ಲಿ ಬಹಳ ಜನ ಆಗ ಅಂಗನವಾಡಿಯಲ್ಲಿದ್ದೆವು. ಆದರೂ ಅದರ ಕಥೆ ನಮಗೆ ಬೇಕು. ಯಾಕಂದ್ರೆ ಅದು ಅಲ್ಲಿಗೇ ಮುಗಿಯಲಿಲ್ಲ, ಚರ್ಚ್ ಸ್ಟ್ರೀಟ್‌ಗೆ ಹೋಗಿ ಮತ್ತೆ ಬಾಗಿಲು ತೆರೆಯಿತು. ಅದನ್ನ ನಡೆಸುತ್ತಿದ್ದದ್ದು ಕಾರ್ಮಿಕರ ಸಹಕಾರ ಸಂಘ. ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರೇ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರ ಆಗಸ್ಟ್‌ನಲ್ಲಿ, ಇದೇ ಬೆಂಗಳೂರಿನಲ್ಲಿ. ಬೆನ್ನ ಹಿಂದೆ ಸಂಘ ಇದ್ದೋರು ಜಾಗ ಕಳಕೊಂಡರೂ ಅಂಗಡಿ ಕಳಕೊಳ್ಳಲಿಲ್ಲ. ನಮ್ಮ ಬೀದಿಯ ಗಂಡ-ಹೆಂಡತಿ ಹಿಂದೆ ಯಾವ ಸಂಘವಿದೆ?

ಕಾನೂನಾದರೂ ಇದೆಯಲ್ಲ ಅಂತ ನಾವೂ ಅಂದುಕೊಂಡಿದ್ದೆವು. ಹುಡುಕಿ ಓದಿದಾಗ ಗೊತ್ತಾಯ್ತು. ಇರೋದು 1999ರ ಕರ್ನಾಟಕ ಬಾಡಿಗೆ ಅಧಿನಿಯಮ. ಅಂಗಡಿ ಮಳಿಗೆಗಳ ಪೈಕಿ ಅದು ರಕ್ಷಣೆ ಕೊಡೋದು 14 ಚದರ ಮೀಟರ್, ಅಂದ್ರೆ ಸುಮಾರು 150 ಚದರಡಿ, ಮೀರದ ಜಾಗಕ್ಕೆ ಮಾತ್ರ. ಅದರ ಮೇಲೆ ಬೆಂಗಳೂರಿನಂಥ ಊರಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಆ ಕಾಯ್ದೆಯೇ ಅನ್ವಯವಾಗೋದಿಲ್ಲ. ಸಂಜಯನಗರ ಮುಖ್ಯರಸ್ತೆಯಲ್ಲಿ 3,500ಕ್ಕೆ ಇವತ್ತು ಬೈಕ್ ನಿಲ್ಲಿಸೋಕೆ ಜಾಗ ಸಿಕ್ಕರೆ ಪುಣ್ಯ.

ಆಮೇಲೆ ಉಳಿಯೋದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 106ನೇ ಕಲಂ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ತಿಂಗಳ ಲೆಕ್ಕದಲ್ಲಿರೋ ಬಾಡಿಗೆದಾರನನ್ನ ಬಿಡಿಸೋಕೆ 15 ದಿನದ ನೋಟಿಸ್ ಸಾಕು. ನಮ್ಮೂರಿನ ಪದ್ಧತಿ ಏನು? 11 ತಿಂಗಳ ಅಗ್ರಿಮೆಂಟ್. ಒಂದು ವರ್ಷ ಮೀರಿದ ಭೋಗ್ಯಕ್ಕೆ ನೋಂದಣಿ ಕಡ್ಡಾಯ, ಶುಲ್ಕ ಕಟ್ಟಬೇಕು, ಓಡಾಡಬೇಕು. 11 ತಿಂಗಳಾದ್ರೆ ಅದ್ಯಾವುದೂ ಬೇಡ. ಅವಧಿ ಮುಗಿದ ಮೇಲೆ ಎಷ್ಟೋ ಜನ ಹೊಸ ಕಾಗದ ಮಾಡಿಸೋದೇ ಇಲ್ಲ, ಬಾಡಿಗೆ ಕೊಟ್ಟುಕೊಂಡು ಮುಂದುವರಿಯುತ್ತಾರೆ. ಆರು ವರ್ಷ ಒಂದೇ ಕಡೆ ಒಲೆ ಹಚ್ಚಿದವರ ಕೈಯಲ್ಲಿ ಕೊನೆಗೆ ಇರೋದು 15 ದಿನ.

ನಮ್ಮ ಅಣ್ಣನ ಅಗ್ರಿಮೆಂಟ್ ನೋಡಿದೆವು. ನಾಲ್ಕು ಪುಟ, ಪೂರ್ತಿ ಇಂಗ್ಲಿಷ್. ‘ಓದಿದ್ರಾ ಅಣ್ಣ?’ ಅಂದ್ರೆ, ‘ಸೈನ್ ಎಲ್ಲಿ ಹಾಕಬೇಕು ಅಂತ ಅವರೇ ಪೆನ್ಸಿಲಲ್ಲಿ ಗುರುತು ಮಾಡಿದ್ರು ಕಣಪ್ಪ’ ಅಂದರು. ಹಾಸನದ ಕಡೆಯಿಂದ ಬಂದು, ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೊಟ್ಟು, ಹಿಂದಿದ್ದವರಿಗೆ ಗುಡ್‌ವಿಲ್ ಅಂತ ಬೇರೆ ಎಣಿಸಿ ಕೂತವರು. ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್ ಬರಬೇಕು ಅಂತ ಆ ನಾಲ್ಕು ಪುಟದಲ್ಲಿ ಎಲ್ಲೂ ಇಲ್ಲ. ಅದು ಇಲ್ಲ ಅನ್ನೋದು ನಾವು ಓದಿ ಹೇಳೋವರೆಗೆ ಅವರಿಗೆ ಗೊತ್ತೂ ಇರಲಿಲ್ಲ. ಕನ್ನಡ ಉಳಿಸಿ ಅಂತ ನವೆಂಬರ್‌ನಲ್ಲಿ ಶಾಲು ಹೊದ್ದು ಕುಣಿಯೋ ನಮ್ಮಂಥ ಸಂಘಗಳಿಗೆ ಇದಕ್ಕಿಂತ ಒಳ್ಳೆ ಕೆಲಸ ಬೇಕಾ? ಕರಾರನ್ನು ಕನ್ನಡದಲ್ಲಿ ಬರೆಯೋಕೆ ಯಾವ ಅಡ್ಡಿಯೂ ಇಲ್ಲ. ಕನ್ನಡದಲ್ಲಿ ಬರೆದದ್ದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯೂ ಆಗುತ್ತೆ.

‘ಆಸ್ತಿ ಅವರದು, ಬಾಡಿಗೆ ಅವರಿಷ್ಟ’ ಅನ್ನೋರಿದ್ದಾರೆ. ಒಪ್ಪುತ್ತೇವೆ. ಓನರ್‌ಗೂ ಸಾಲ ಇರಬಹುದು, ಪಕ್ಕದ ಮಳಿಗೆಗೆ ಬಂದ ದೊಡ್ಡ ಬ್ರ್ಯಾಂಡು ಎಷ್ಟು ಕೊಡುತ್ತೆ ಅನ್ನೋದು ಅವರ ಕಣ್ಣ ಮುಂದೆಯೇ ಇದೆ. ಬಾಡಿಗೆ ಏರಿಸಬೇಡಿ ಅಂತ ನಾವು ಹೇಳ್ತಿಲ್ಲ. ಏರೋದು ಎಷ್ಟು, ಯಾವಾಗ ಅಂತ ಮೊದಲೇ ಗೊತ್ತಿರಲಿ ಅಂತಿದ್ದೇವೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಕಾಫಿಗೆ ಎರಡು ರೂಪಾಯಿ ಜಾಸ್ತಿ ಮಾಡಿದಾಗ ‘ಏನಣ್ಣ ಇದು’ ಅಂದವರು ನಾವೇ. ಒಂದೇ ಏಟಿಗೆ ಬಂದ 9,000 ರೂಪಾಯಿಯನ್ನ ಬೈ-ಟೂ ಕಾಫಿಯಲ್ಲಿ ದುಡಿಯೋದು ಹೇಗೆ?

ನಮ್ಮ ತಪ್ಪನ್ನೂ ಹೇಳಿಬಿಡಬೇಕು. ಇದು ಮನೆಗಳಿರುವ ಬೀದಿ. ರಾತ್ರಿ ಹತ್ತಾದರೂ ಅಂಗಡಿ ಮುಂದೆ ನಿಂತು ಕೂಗಾಡಿದ್ದು ನಾವು, ಎದುರು ಮನೆ ಗೇಟಿಗೆ ಅಡ್ಡ ಗಾಡಿ ನಿಲ್ಲಿಸಿದ್ದು ನಾವು, ಬೈಸಿಕೊಂಡಿದ್ದು ಅಕ್ಕ. ಬೀದಿಯವರು ಓನರ್ ಹತ್ತಿರ ದೂರು ಹೇಳಿದ್ದೂ ಬೋರ್ಡು ಬರೋದಕ್ಕೆ ಒಂದು ಕಾರಣ ಅಂತ ಅಕ್ಕನೇ ಮೆಲ್ಲಗೆ ಹೇಳಿದರು. ‘ನಿಮಗೆ ಅನ್ನೋಕಾಗಲ್ವಲ್ಲ, ನೀವೇ ಗಿರಾಕಿಗಳು’ ಅಂದರು. ಆ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ಮೂರು ಕೆಲಸ. ಒಂದು, ಬಾಕಿ ಬರೆಸಿರೋರು ಈ ವಾರವೇ ಚುಕ್ತಾ ಮಾಡಿ. ಅಡ್ವಾನ್ಸ್‌ಗೆ ಸೇರಿಸೋ ದುಡ್ಡು ನಿಮ್ಮ ಹೆಸರಿನ ಮುಂದೆ ಕೂತಿರಬಹುದು. ಎರಡು, ಫೆಸ್ಟ್, ಸೆಮಿನಾರ್ ಅಂದಾಗ ಕಾಫಿ-ತಿಂಡಿ ಆರ್ಡರ್ ಇಲ್ಲಿಗೇ ಕೊಡೋಣ. ನೂರು ಕಾಫಿಯ ಒಂದು ಆರ್ಡರ್ ನಮ್ಮ ಒಂದು ವಾರದ ಹರಟೆಗಿಂತ ದೊಡ್ಡದು. ಮೂರು, ಕರಾರು. ಮೂರು ವರ್ಷದ ಅವಧಿ, ವರ್ಷಕ್ಕಿಷ್ಟು ಅಂತ ಮೊದಲೇ ಬರೆದಿಟ್ಟ ಏರಿಕೆ, ಬಿಡಿಸೋದಾದರೆ ಮೂರು ತಿಂಗಳ ಮುಂಚೆ ನೋಟಿಸ್, ಅಡ್ವಾನ್ಸ್ ವಾಪಸಾತಿಗೆ ಗಡುವು. ಇಷ್ಟನ್ನು ಸರಳ ಕನ್ನಡದಲ್ಲಿ ಕರಡು ಮಾಡಿದ್ದೇವೆ. ವಕೀಲರಿಗೆ ತೋರಿಸಿಯೇ ಮುಂದುವರಿಯುತ್ತೇವೆ. ಬೇರೆ ಅಂಗಡಿಯವರು ಕೇಳಿದರೂ ಕೊಡುತ್ತೇವೆ. 1999ರ ಆ 3,500 ರೂಪಾಯಿಯನ್ನು ಬದಲಿಸಬೇಕಾದದ್ದು ಸರ್ಕಾರ. ಅಲ್ಲಿವರೆಗೆ ಕಾಗದವೇ ಗತಿ.

ಓನರ್ ಒಪ್ಪುತ್ತಾರೆ ಅನ್ನೋ ಖಾತ್ರಿ ಇಲ್ಲ. ಆದರೆ ಮಾತಿಗೆ ಸಿಗ್ತೀನಿ ಅಂದಿದ್ದಾರೆ. ಶನಿವಾರ ಸಂಜೆ ಅಣ್ಣ-ಅಕ್ಕನ ಜೊತೆ ನಮ್ಮಲ್ಲಿ ಇಬ್ಬರು ಹೋಗ್ತಾರೆ. ಉಳಿದವರು ಅಂಗಡಿ ಹತ್ತಿರ ಬನ್ನಿ, ಕಾಫಿ ಕುಡಿಯಿರಿ, ದುಡ್ಡು ಕೊಡಿ. ಗಾಡಿ ಮಾತ್ರ ಯಾರ ಗೇಟಿನ ಮುಂದೆಯೂ ನಿಲ್ಲಿಸಬೇಡಿ.