ವಿದ್ಯುತ್ ಇದೆ, ಬರುವ ದಾರಿ ಇಕ್ಕಟ್ಟು

ಸೀವುಡ್ಸ್: ಇಪ್ಪತ್ತನೇ ಮಾಳಿಗೆಯಲ್ಲಿ ಮನೆ ಮಾಡಿದವರಿಗೆ ಕರೆಂಟ್ ಹೋದರೆ ಮೊದಲು ನಿಲ್ಲುವುದು ಲಿಫ್ಟ್, ಆಮೇಲೆ ನಳ್ಳಿಯ ನೀರು. ಕೂಡಲೇ ಸೊಸೈಟಿಯವರು ಮಹಾವಿತರಣದ ಕಚೇರಿಗೆ ಫೋನ್ ಹಚ್ಚುತ್ತಾರೆ. ಆದರೆ ದೊಡ್ಡ ಪ್ರಮಾಣದಲ್ಲಿ ಕೈಕೊಟ್ಟಾಗ ಉತ್ತರ ಆ ಕಚೇರಿಯಲ್ಲಿರುವುದಿಲ್ಲ. ಅದು ಭಿವಂಡಿ ಸಮೀಪದ ಪಡಘಾದಲ್ಲಿಯೋ, ಕಲ್ವಾದಲ್ಲಿಯೋ, ಖಾರ್ಘರ್‌ನಲ್ಲಿಯೋ ಇರುತ್ತದೆ.

2020ರ ಅಕ್ಟೋಬರ್ 12ರ ಸೋಮವಾರ ಯಾರಿಗೂ ಮರೆತಿರಲಿಕ್ಕಿಲ್ಲ. ಬೆಳಗ್ಗೆ ಹತ್ತರ ಸುಮಾರಿಗೆ ಮುಂಬಯಿ, ಥಾಣೆ, ನವಿಮುಂಬಯಿಗಳಲ್ಲಿ ವಿದ್ಯುತ್ ಹೋಯಿತು. ಲೋಕಲ್ ರೈಲುಗಳು ನಿಂತಲ್ಲೇ ನಿಂತವು. ಕೊರೋನಾ ಕಾಲ, ಆಸ್ಪತ್ರೆಗಳು ಜನರೇಟರ್ ನಂಬಿಕೊಳ್ಳಬೇಕಾಯಿತು. ಕಲ್ವಾ-ಪಡಘಾ ನಡುವಿನ 400 ಕೆವಿ ಲೈನಿನ ಒಂದು ಸರ್ಕ್ಯೂಟ್ ರಿಪೇರಿಗೆಂದು ಬಂದ್ ಆಗಿತ್ತು. ಅದರ ಹೊರೆ ಇನ್ನೊಂದರ ಮೇಲೆ ಬಿದ್ದಿತ್ತು, ಅದೂ ಕೈಕೊಟ್ಟಿತು. ಹೊರಗಿನ ಜಾಲ ಕುಸಿದರೆ ಮುಂಬಯಿಯನ್ನು ದ್ವೀಪದಂತೆ ಬೇರ್ಪಡಿಸಿ ಉಳಿಸುವ ವ್ಯವಸ್ಥೆ ದಶಕಗಳಿಂದಲೂ ಇತ್ತು. ಆ ದಿನ ಅದೂ ಉಪಯೋಗಕ್ಕೆ ಬರಲಿಲ್ಲ.

ದೇಶದಲ್ಲಿ ವಿದ್ಯುತ್ ಇರಲಿಲ್ಲವೆಂದಲ್ಲ. ರಾಯಚೂರು-ಸೊಲ್ಲಾಪುರ 765 ಕೆವಿ ಲೈನ್ 2013ರ ಡಿಸೆಂಬರ್ 31ರಂದು ದಕ್ಷಿಣದ ಜಾಲವನ್ನು ರಾಷ್ಟ್ರೀಯ ಜಾಲಕ್ಕೆ ಜೋಡಿಸಿದ ಮೇಲೆ ಪಾವಗಡದ ಬಿಸಿಲಿನ ವಿದ್ಯುತ್ತೂ ಈ ಕಡೆ ಹರಿಯಬಲ್ಲುದು. ಇಕ್ಕಟ್ಟು ಇರುವುದು ಮಹಾನಗರದ ಹೊಸ್ತಿಲಲ್ಲಿ. ಬೇಸಿಗೆಯಲ್ಲಿ ಮುಂಬಯಿಯ ಬೇಡಿಕೆ 4,000 ಮೆಗಾವಾಟ್ ಮುಟ್ಟುತ್ತದೆ. ಟ್ರಾಂಬೆ, ಡಹಾಣೂ ಹಾಗೂ ಟಾಟಾದ ಜಲವಿದ್ಯುತ್ ಎಲ್ಲವೂ ಸೇರಿದರೂ ಅದರ ಅರ್ಧದಷ್ಟು ಆಗುವುದಿಲ್ಲ. ಉಳಿದದ್ದು ಹೊರಗಿನಿಂದಲೇ ಬರಬೇಕು.

ವಾಶಿ ಖಾಡಿಯ ಸೇತುವೆ ಬಂದಾದರೆ ಐರೋಲಿ ಸೇತುವೆಯ ಮೇಲೆ ಏನಾಗುತ್ತದೆಂದು ಇಲ್ಲಿನ ಪ್ರತಿಯೊಬ್ಬರಿಗೂ ಗೊತ್ತು. ತಂತಿಯ ಕಥೆಯೂ ಅದೇ, ಆದರೆ ಒಂದು ವ್ಯತ್ಯಾಸವಿದೆ. ವಾಹನಗಳು ಸಾಲಿನಲ್ಲಿ ನಿಂತು ಕಾಯುತ್ತವೆ, ವಿದ್ಯುತ್ ಕಾಯುವುದಿಲ್ಲ. ಹೊರೆ ಮಿತಿ ಮೀರಿದ ತಂತಿ ಕಾದು ಜೋಲುತ್ತದೆ, ರಕ್ಷಣಾ ಯಂತ್ರ ಅದನ್ನು ಕಡಿದುಹಾಕುತ್ತದೆ, ಆ ಹೊರೆ ಕ್ಷಣದಲ್ಲಿ ಪಕ್ಕದ ಲೈನಿಗೆ ವರ್ಗವಾಗುತ್ತದೆ. ಆದ್ದರಿಂದಲೇ ಒಂದು ಲೈನ್ ಹೋದರೂ ಉಳಿದವು ಹೊತ್ತುಕೊಳ್ಳುವಂತೆ ಯೋಜಿಸಬೇಕೆಂಬುದು ಈ ವಿದ್ಯೆಯ ಮೊದಲ ಪಾಠ.

ಆ ಪಾಠ ಜಾರಿಗೆ ಬರಲು ಬಹಳ ಕಾಲ ಹಿಡಿಯಿತು. ಖಾರ್ಘರ್-ವಿಕ್ರೋಲಿ 400 ಕೆವಿ ಲೈನಿನ ಮಾತು ಒಂದು ದಶಕಕ್ಕೂ ಮಿಕ್ಕಿ ಕಾಗದದಲ್ಲೇ ಉಳಿದಿತ್ತು. ಅದು ಚಾಲೂ ಆದದ್ದು 2023ರ ಅಕ್ಟೋಬರ್‌ನಲ್ಲಿ. ಮುಂಬಯಿಗೆ ಇನ್ನೂ 1,000 ಮೆಗಾವಾಟ್ ತರುವ ಸಾಮರ್ಥ್ಯ ಅದಕ್ಕಿದೆ. ವಾಡಾ ತಾಲೂಕಿನ ಕುಡೂಸ್‌ನಿಂದ ಆರೇಗೆ ಸುಮಾರು 80 ಕಿ.ಮೀ. ಉದ್ದದ, ಬಹುಭಾಗ ನೆಲದಡಿಯ, ಅಷ್ಟೇ ಸಾಮರ್ಥ್ಯದ ಇನ್ನೊಂದು ಯೋಜನೆಯನ್ನು ರೂಪಿಸಲಾಯಿತು. ಕೇಬಲ್ ಕೆಲವೇ ಮೀಟರ್ ಜಾಗದಲ್ಲಿ ಹೋಗುತ್ತದೆ ನಿಜ. ಖರ್ಚು ಮಾತ್ರ ಹಲವು ಪಟ್ಟು, ಕೆಟ್ಟರೆ ಹುಡುಕಿ ಸರಿಪಡಿಸಲು ದಿನಗಳೇ ಬೇಕು.

ತಡವಾಗುವುದಕ್ಕೆ ಮುಖ್ಯ ಕಾರಣ ಜಾಗ. 220 ಕೆವಿ ಲೈನಿಗೆ 35 ಮೀಟರ್, 400 ಕೆವಿ ಲೈನಿಗೆ 46 ಮೀಟರ್ ಅಗಲದ ಪಟ್ಟಿ ಬೇಕು. ನವಿಮುಂಬಯಿಯಲ್ಲಿ ಹೈಟೆನ್ಷನ್ ತಂತಿಗಳ ಕೆಳಗೆ ನರ್ಸರಿಗಳು ಬೆಳೆದುನಿಂತಿರುವುದು ಕಾಣುತ್ತದೆ. ಅದು ಅಲಂಕಾರಕ್ಕೆ ಬಿಟ್ಟ ಜಾಗವಲ್ಲ, ಕಟ್ಟಡ ಏಳಬಾರದೆಂದು ಬಿಟ್ಟದ್ದು. ಖಾಡಿಯ ಕಾಂಡ್ಲಾ ಕಾಡು ದಾಟಬೇಕಾದರೆ 2018ರ ತೀರ್ಪಿನ ನಂತರ ಬಾಂಬೆ ಹೈಕೋರ್ಟಿನ ಅನುಮತಿ ಬೇಕು. ಅದು ತಪ್ಪೆನ್ನುವಂತಿಲ್ಲ, ನೆರೆಯಿಂದ ಈ ನಗರವನ್ನು ಕಾಯುವುದೂ ಅದೇ ಕಾಡು.

ಇಲ್ಲಿನ ತುಳು-ಕನ್ನಡಿಗರಿಗೆ ಈ ವಿಷಯದ ಇನ್ನೊಂದು ಮುಖವೂ ಪರಿಚಿತ. ನಂದಿಕೂರಿನಿಂದ ಹೊರಡುವ ಉಡುಪಿ-ಕಾಸರಗೋಡು 400 ಕೆವಿ ಲೈನಿಗೆ ಕಾರ್ಕಳ ತಾಲೂಕಿನ ಇನ್ನಾದಲ್ಲಿ, ವಿಟ್ಲ ಪರಿಸರದಲ್ಲಿ ಕೃಷಿಕರು ವಿರೋಧ ವ್ಯಕ್ತಪಡಿಸಿದ್ದಾರೆ. ಜಾಗ ಪಹಣಿಯಲ್ಲಿ ಕೃಷಿಕನ ಹೆಸರಿನಲ್ಲೇ ಉಳಿಯುತ್ತದೆ, ಆದರೆ ತಂತಿಯಡಿ ಅಡಿಕೆ, ತೆಂಗು ಎಬ್ಬಿಸುವಂತಿಲ್ಲ. ಇಲ್ಲಿ ಲಿಫ್ಟ್ ನಿಂತಿತೆಂದು ಸಿಟ್ಟಾಗುವ ಮನೆಯವರೇ ಊರಿನ ತೋಟದಲ್ಲಿ ಟವರ್ ಬೇಡವೆನ್ನುತ್ತಾರೆ. ಎರಡೂ ನ್ಯಾಯವೇ.

2015ರ ಕೇಂದ್ರದ ಮಾರ್ಗಸೂಚಿಯಲ್ಲಿ ಟವರ್ ನಿಲ್ಲುವ ಜಾಗಕ್ಕೆ ಭೂಮೌಲ್ಯದ ಶೇ. 85, ತಂತಿಯಡಿಯ ಪಟ್ಟಿಗೆ ಹೆಚ್ಚೆಂದರೆ ಶೇ. 15 ಪರಿಹಾರವಿತ್ತು. 2024ರ ಜೂನ್‌ನಲ್ಲಿ ಅದನ್ನು ಶೇ. 200 ಮತ್ತು ಶೇ. 30ಕ್ಕೆ ಏರಿಸಲಾಯಿತು. 2025ರ ಮಾರ್ಚ್‌ನಲ್ಲಿ ಪಟ್ಟಿಯ ದರವನ್ನು ಮಹಾನಗರಗಳಲ್ಲಿ ಶೇ. 60 ಎಂದು ಸೂಚಿಸಲಾಯಿತು. ಆದರೆ ಇದನ್ನು ಅಳವಡಿಸಿಕೊಳ್ಳುವುದು ಬಿಡುವುದು ರಾಜ್ಯಗಳಿಗೆ ಬಿಟ್ಟದ್ದು. ಹಣಕ್ಕಿಂತ ಹೆಚ್ಚಿನ ದೂರು ಬೇರೆಯೇ ಇದೆ: ನಕಾಶೆಯಲ್ಲಿ ಗೆರೆ ಎಳೆದಾದ ಮೇಲೆಯೇ ಜನರಿಗೆ ಸುದ್ದಿ ತಲುಪುತ್ತದೆ.

1970ರಲ್ಲಿ ಸಿಡ್ಕೊ ಸ್ಥಾಪನೆಯಾದಾಗ ಈ ಕಡೆ ಗದ್ದೆ, ಉಪ್ಪಿನ ಆಗರಗಳೇ ಹೆಚ್ಚು, ಗೆರೆ ಎಳೆಯುವುದು ಸುಲಭವಿತ್ತು. ಈಗ ಐರೋಲಿ, ಮಹಾಪೆಯಲ್ಲಿ ಹಗಲಿರುಳೂ ವಿದ್ಯುತ್ ನುಂಗುವ ಡೇಟಾ ಸೆಂಟರ್‌ಗಳಿವೆ. 2025ರ ಡಿಸೆಂಬರ್‌ನಲ್ಲಿ ನವಿಮುಂಬಯಿ ವಿಮಾನ ನಿಲ್ದಾಣದಿಂದ ಹಾರಾಟ ಆರಂಭವಾಗಿದೆ. ಉಲ್ವೆ, ದ್ರೋಣಗಿರಿಯ ಕಡೆ ಇನ್ನೂ ಖಾಲಿ ನೆಲವಿದೆ. ಅಲ್ಲಿ ರಸ್ತೆ, ನೀರಿನ ಪೈಪಿನ ಜತೆಯಲ್ಲೇ ತಂತಿಯ ದಾರಿಯನ್ನೂ ಗುರುತಿಸಿ ಬಿಡುತ್ತಾರೋ, ಇಲ್ಲ ಟವರುಗಳೆದ್ದ ಮೇಲೆ ಸೊಸೈಟಿಗಳ ಕಿಟಕಿ ಪಕ್ಕ ಜಾಗ ಹುಡುಕುತ್ತಾರೋ ಎಂಬುದು ಇಷ್ಟರಲ್ಲೇ ನಿರ್ಧಾರವಾಗಬೇಕಿದೆ.